ಟುಲ್ಕುನ್‌ಗೆ ಕಿವಿರು ಏಕಿಲ್ಲ?

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಮೀನಿನ ಬೈಕಿನ ಹಾರ್ನ್ ಕೇಳಿಸಿತೆಂದರೆ ನಮ್ಮ ಮನೆಯ ಬೆಕ್ಕು ಎಲ್ಲರಿಗಿಂತ ಮೊದಲು ಗೇಟಿನ ಬುಡದಲ್ಲಿ ಹಾಜರಿರುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಊರು ನಮ್ಮದು. ಮಲ್ಪೆಯ ಮೀನು ಘಟ್ಟ ಹತ್ತಿ ನಮ್ಮಲ್ಲಿಗೆ ಬರುವುದು ಬೈಕಿನ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ, ಐಸಿನ ಚೂರುಗಳ ನಡುವೆ. ಬೇಸಿಗೆ ರಜೆಗೆ ಶಿವಮೊಗ್ಗದಿಂದ ಬಂದಿದ್ದ ಅಣ್ಣನ ಮಗಳು ಒಂದು ದಿನ ಬಂಗುಡೆಯೊಂದನ್ನು ಅಂಗೈ ಮೇಲಿಟ್ಟುಕೊಂಡು, ಅದರ ಕೆನ್ನೆಯ ಮುಚ್ಚಳವನ್ನು ಉಗುರಿನಿಂದ ಮೆಲ್ಲಗೆ ಎತ್ತಿದಳು. ಒಳಗೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತ ಕಡುಗೆಂಪು ಎಳೆಗಳು. ಅವೇ ಕಿವಿರುಗಳು. "ಚಿಕ್ಕಪ್ಪ, ಟುಲ್ಕುನ್‌ಗೂ ಇದು ಇರುತ್ತದೆಯೇ?" ಎಂದಳು.

ಟುಲ್ಕುನ್ ಬರುವ 'ಅವತಾರ್' ಸಿನಿಮಾವನ್ನು ಅವಳ ತರಗತಿಯಲ್ಲಿ ನೋಡದವರೇ ಇಲ್ಲವಂತೆ. ಟುಲ್ಕುನ್ ಮೀನು ಎಂದು ಕೆಲವರು, ತಿಮಿಂಗಿಲ ಎಂದು ಕೆಲವರು. ಯಾವುದೋ ಸಾಗರದಲ್ಲಿ ಅದು ನಿಜವಾಗಿಯೂ ಇದೆ, ನಮಗೆ ಗೊತ್ತಾಗಿಲ್ಲ ಅಷ್ಟೇ ಎಂದು ಇನ್ನು ಕೆಲವರು. ಅವಳಿಗೆ ನಾನು ಹೇಳಿದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕಡಲಿಲ್ಲದ ಊರಿನವರಿಗೆ ಕಡಲ ಪ್ರಾಣಿಯನ್ನು ವಿವರಿಸಬೇಕಾದರೆ ಹೋಲಿಕೆಗಳು ನಮ್ಮ ಕಾಡು, ಹೊಳೆ, ಮಳೆಗಳಿಂದಲೇ ಬರಬೇಕು. ಅವು ಇಲ್ಲಿ ಬೇಕಾದಷ್ಟಿವೆ.

## ಕಥೆಯೊಳಗಿನ ಪ್ರಾಣಿ

ಟುಲ್ಕುನ್ ಇರುವುದು ಜೇಮ್ಸ್ ಕ್ಯಾಮರಾನ್ ನಿರ್ದೇಶನದ 'ಅವತಾರ್' ಸರಣಿಯ ಕಥಾಲೋಕದಲ್ಲಿ ಮಾತ್ರ. 2022ರ ಡಿಸೆಂಬರ್‌ನಲ್ಲಿ ತೆರೆಕಂಡು ಕನ್ನಡಕ್ಕೂ ಡಬ್ ಆದ ಎರಡನೆಯ ಭಾಗದಲ್ಲಿ ಅದು ಮೊದಲು ಕಾಣಿಸಿಕೊಂಡಿತು. 2025ರ ಡಿಸೆಂಬರ್‌ನಲ್ಲಿ ಮೂರನೆಯ ಭಾಗ ಬಂದ ಮೇಲೆ ಅದರ ಬಗೆಗಿನ ಕುತೂಹಲ ಮತ್ತೆ ಚಿಗುರಿದೆ. ಕಥೆ ನಡೆಯುವುದು ಪಂಡೋರಾ ಎಂಬ ಕಲ್ಪಿತ ಉಪಗ್ರಹದಲ್ಲಿ. ನಮ್ಮಿಂದ ನಾಲ್ಕು ಜ್ಯೋತಿರ್ವರ್ಷಗಳಿಗಿಂತ ತುಸು ಹೆಚ್ಚು ದೂರದಲ್ಲಿರುವ ಆಲ್ಫಾ ಸೆಂಟಾರಿ ನಕ್ಷತ್ರ ವ್ಯವಸ್ಥೆ ಅದರ ನೆಲೆ. ನಕ್ಷತ್ರ ನಿಜ, ಪಂಡೋರಾ ಕಲ್ಪನೆ.

ಅಲ್ಲಿನ ಕಡಲ ತೀರದ ನೀಲಿ-ಹಸಿರು ಮೈಯ ಜನ ಮೆಟ್‌ಕಯಿನಾ. ಅವರ ಪಾಲಿಗೆ ಟುಲ್ಕುನ್ ಬೇಟೆಯಲ್ಲ, ಬಂಧು. ಪ್ರತಿಯೊಬ್ಬರಿಗೂ ಟುಲ್ಕುನ್‌ಗಳಲ್ಲಿ ಒಬ್ಬ ಆತ್ಮಬಂಧು ಇರುತ್ತಾನೆ ಅಥವಾ ಇರುತ್ತಾಳೆ. ಅವು ದೂರ ವಲಸೆ ಹೋಗಿ ಮರಳಿ ಬಂದ ದಿನ ಊರಿಗೆ ಊರೇ ನೀರಿಗಿಳಿಯುತ್ತದೆ. ವರ್ಷಕ್ಕೊಮ್ಮೆ ತವರಿಗೆ ಬಂದ ಹೆಣ್ಣುಮಗಳೊಡನೆ ಕೂತು ಮಾತಾಡುವಂತೆ, ಯಾರಿಗೆ ಮಗುವಾಯಿತು, ಯಾರು ಇಲ್ಲವಾದರು ಎಂಬ ಸುದ್ದಿಗಳ ವಿನಿಮಯ ನಡೆಯುತ್ತದೆ. ಟುಲ್ಕುನ್‌ಗಳು ಹಾಡು ಕಟ್ಟುತ್ತವೆ, ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತವೆ, ಈಜುರೆಕ್ಕೆಯ ಸನ್ನೆಯಿಂದ ಮಾತಾಡುತ್ತವೆ. ಕೊಲ್ಲಬಾರದು ಎಂಬುದು ಅವುಗಳ ಕಟ್ಟುನಿಟ್ಟಿನ ಧರ್ಮ. ಅದನ್ನು ಮೀರಿ ಬೇಟೆಗಾರರ ಮೇಲೆ ತಿರುಗಿಬಿದ್ದ ಪಯಾಕನ್ ಎಂಬ ಗಂಡನ್ನು ಅವುಗಳ ಸಮುದಾಯವೇ ಹೊರಹಾಕಿದೆ.

ಮಕ್ಕಳಿಗೆ ಪ್ರಿಯವಾಗಿರುವುದು ಈ ಬಹಿಷ್ಕೃತ ಪಯಾಕನ್. ಒಂದು ರೆಕ್ಕೆ ಮೊಟಕಾದ ಆ ಪ್ರಾಣಿಗೂ, ಮನೆಯಲ್ಲಿ ಸದಾ ಬೈಸಿಕೊಳ್ಳುವ ಹುಡುಗನೊಬ್ಬನಿಗೂ ಬೆಳೆಯುವ ಗೆಳೆತನವೇ ಸಿನಿಮಾದ ಒಳ್ಳೆಯ ಭಾಗ ಎಂದು ನನಗೂ ಅನ್ನಿಸಿದೆ.

## ಬಂಗುಡೆಗೂ ತಿಮಿಂಗಿಲಕ್ಕೂ ಏನು ವ್ಯತ್ಯಾಸ

ತಿಮಿಂಗಿಲ ಎಂಬ ಪದದಲ್ಲೇ ಮೀನಿನ ನೆರಳಿದೆ. ಸಂಸ್ಕೃತದಲ್ಲಿ 'ತಿಮಿ' ಎಂದರೆ ಭಾರಿ ಗಾತ್ರದ ಮೀನು, ಅದನ್ನೂ ನುಂಗುವುದು ತಿಮಿಂಗಿಲ. ಆದರೆ ತಿಮಿಂಗಿಲ ಮೀನಲ್ಲ, ಸಸ್ತನಿ. ಸಸ್ತನಿ ಎಂದರೆ ಸ್ತನವುಳ್ಳದ್ದು, ಮರಿಗೆ ಹಾಲೂಡುವ ಪ್ರಾಣಿ. ಹಸು, ಬೆಕ್ಕು, ಬಾವಲಿ, ನಾವು, ತಿಮಿಂಗಿಲ ಎಲ್ಲರೂ ಈ ಕುಟುಂಬದವರು.

ನೋಡಿದ ಕೂಡಲೇ ಗುರುತಿಸಲು ಬಾಲ ಸಾಕು. ಬಂಗುಡೆಯನ್ನು ಈಜುವ ಭಂಗಿಯಲ್ಲಿ ಹಿಡಿದರೆ ಅದರ ಬಾಲ ಬಾಗಿಲಿನ ಹಾಗೆ ನೆಟ್ಟಗೆ ನಿಂತಿರುತ್ತದೆ; ಮೀನು ಅದನ್ನು ಎಡಬಲಕ್ಕೆ ಬೀಸುತ್ತದೆ. ತಿಮಿಂಗಿಲದ ಬಾಲ ಮಣೆಯ ಹಾಗೆ ಅಡ್ಡಲಾಗಿರುತ್ತದೆ. ಅದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ನಾಯಿ ಅಥವಾ ಕುದುರೆ ನಾಗಾಲೋಟದಲ್ಲಿ ಓಡುವಾಗ ಬೆನ್ನು ಹೇಗೆ ಮೇಲೆ ಕೆಳಗೆ ಬಾಗುತ್ತದೆ ನೋಡಿ. ನೆಲದ ಮೇಲೆ ಓಡುತ್ತಿದ್ದ ಪೂರ್ವಜರಿಂದ ಬಂದ ಬೆನ್ನೆಲುಬು ನೀರಿನಲ್ಲೂ ಆ ಅಭ್ಯಾಸ ಬಿಟ್ಟಿಲ್ಲ.

ಇನ್ನು ಉಸಿರು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಅಷ್ಟೇ ಸಮುದ್ರದ ನೀರಿನಲ್ಲಿ ಕರಗಿರುವುದು ಹತ್ತು ಮಿಲಿಲೀಟರಿಗೂ ಕಡಿಮೆ. ಕಿವಿರು ಆ ಅಲ್ಪವನ್ನು ಸೋಸಿ ತೆಗೆಯುವ ಜರಡಿ. ಮೈ ಬಿಸಿಯಿಲ್ಲದ, ಕಡಿಮೆ ಖರ್ಚಿನ ಬಂಗುಡೆಗೆ ಅದು ಸಾಕು. ಮೈಯನ್ನು ಸದಾ ಬೆಚ್ಚಗಿಟ್ಟುಕೊಳ್ಳಬೇಕಾದ ದೊಡ್ಡ ಪ್ರಾಣಿಗೆ ಅದರಿಂದ ಸಂಸಾರ ಸಾಗದು. ಆದ್ದರಿಂದ ತಿಮಿಂಗಿಲ ಮೇಲೆ ಬಂದು, ತಲೆಯ ಮೇಲಿನ ಮೂಗಿನಿಂದ ಗಾಳಿ ಹೊರಹಾಕಿ, ಹೊಸ ಗಾಳಿ ಎಳೆದುಕೊಂಡು ಮುಳುಗುತ್ತದೆ. ಟುಲ್ಕುನ್ ಕೂಡ ಮೇಲೆ ಬಂದು ಹೀಗೆಯೇ ನೀರು ಚಿಮ್ಮಿಸುತ್ತಾ ಉಸಿರು ಬಿಡುತ್ತದೆ. ಅಣ್ಣನ ಮಗಳ ಪ್ರಶ್ನೆಗೆ ಉತ್ತರ ಇದೇ: ಟುಲ್ಕುನ್‌ಗೆ ಕಿವಿರಿಲ್ಲ, ಏಕೆಂದರೆ ಅದನ್ನು ಕಲ್ಪಿಸಿದವರು ಮೀನನ್ನಲ್ಲ, ತಿಮಿಂಗಿಲವನ್ನು ನೋಡಿ ಚಿತ್ರ ಬರೆದರು.

ಮೈ ಬೆಚ್ಚಗಿಡುವುದು ಸುಲಭವಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಹೀರುತ್ತದೆ. ನಮ್ಮ ತುಂಗೆಯ ನೀರುನಾಯಿ ಇದಕ್ಕೆ ಒತ್ತೊತ್ತಾದ ತುಪ್ಪಳದ ಉಪಾಯ ಹೂಡಿದೆ. ಮಳೆಗಾಲದಲ್ಲಿ ಗದ್ದೆಗೆ ಹೊದ್ದು ಹೋಗುತ್ತಿದ್ದ ಕಂಬಳಿ ಕೊಪ್ಪೆಯ ಹಾಗೆ, ಎಳೆಗಳ ನಡುವೆ ಸಿಕ್ಕ ಗಾಳಿಯೇ ಅದಕ್ಕೆ ರಕ್ಷೆ. ಆದರೆ ಕಂಬಳಿಯನ್ನು ಹಿಂಡಿದರೆ ಗಾಳಿ ಹೋಗುತ್ತದೆ, ಆಳದ ಒತ್ತಡವೂ ತುಪ್ಪಳವನ್ನು ಹಾಗೆಯೇ ಹಿಂಡಿಬಿಡುತ್ತದೆ. ಹಾಗಾಗಿ ಆಳಕ್ಕೆ ಹೋಗುವ ತಿಮಿಂಗಿಲ ಕಂಬಳಿಯನ್ನು ಚರ್ಮದೊಳಗೇ ಹೊಲಿದುಕೊಂಡಿದೆ. ಅದು ದಪ್ಪನೆಯ ಕೊಬ್ಬಿನ ಪದರ. ಮರಿಯೂ ಬೇಗ ಕೊಬ್ಬು ಕಟ್ಟಬೇಕು. ನಮ್ಮ ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ ನಾಲ್ಕರ ಆಸುಪಾಸು, ನೀಲಿ ತಿಮಿಂಗಿಲದ ಹಾಲಿನಲ್ಲಿ ಶೇಕಡಾ 35ಕ್ಕೂ ಹೆಚ್ಚು. ಅದನ್ನು ಕುಡಿದ ಮರಿ ದಿನಕ್ಕೆ ಸುಮಾರು 90 ಕಿಲೋ ತೂಕ ಏರುತ್ತದೆ.

## ಪಂಡೋರಾದ ಪ್ರಾಣಿಯನ್ನು 'ಸಸ್ತನಿ' ಎನ್ನಬಹುದೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಜ್ಞಾನದಲ್ಲಿ ಸಸ್ತನಿ ಎಂಬುದು ಬರೀ ಲಕ್ಷಣಗಳ ಪಟ್ಟಿಯಲ್ಲ, ಅದು ಒಂದು ವಂಶದ ಹೆಸರು. ಹಸುವೂ ತಿಮಿಂಗಿಲವೂ ಸಸ್ತನಿಗಳು, ಏಕೆಂದರೆ ಎರಡಕ್ಕೂ ಒಂದೇ ಮೂಲಪುರುಷ ಇದೇ ಭೂಮಿಯ ಮೇಲೆ ಬದುಕಿದ್ದ. ಬೇರೆ ಲೋಕದಲ್ಲಿ ಬೇರೆಯಾಗಿಯೇ ಹುಟ್ಟಿದ ಜೀವಿ ಮರಿಗೆ ಹಾಲೂಡಿದರೂ ಈ ವಂಶಕ್ಕೆ ಸೇರುವುದಿಲ್ಲ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಊರಿನಲ್ಲಿದ್ದರೆ ಅವರು ಅಣ್ಣತಮ್ಮಂದಿರಾಗುವುದಿಲ್ಲವಲ್ಲ. ಟುಲ್ಕುನ್ ಅನ್ನು 'ಸಸ್ತನಿಯಂಥ ಪ್ರಾಣಿ' ಎಂದರೆ ಸರಿ.

ಹಾಗಾದರೆ ನಂಟೇ ಇಲ್ಲದ ಪ್ರಾಣಿಗಳು ಒಂದೇ ಥರ ಕಾಣಬಹುದೇ? ಕಾಣಬಹುದು, ಭೂಮಿಯಲ್ಲೇ ಇದಕ್ಕೆ ಸಾಕ್ಷಿಯಿದೆ. ಶಾರ್ಕ್ ಮೀನು. ಡಾಲ್ಫಿನ್ ಸಸ್ತನಿ. ಡೈನೋಸಾರ್‌ಗಳ ಕಾಲದ ಇಕ್ಥಿಯೋಸಾರ್ ಸರೀಸೃಪ. ಮೂರರ ಮೈಯೂ ಕದಿರಿನ ಆಕಾರದ್ದು, ನಡುವೆ ದಪ್ಪ, ಎರಡೂ ತುದಿ ಸಣ್ಣ. ನೀರನ್ನು ಸೀಳಿ ವೇಗವಾಗಿ ಹೋಗಲು ಈ ಆಕಾರವೇ ಅನುಕೂಲ. ಬೇರೆ ಬೇರೆ ಊರಿನ ಬಡಗಿಗಳು ಪರಸ್ಪರ ನೋಡದೆಯೂ ದೋಣಿಗೆ ಚೂಪಾದ ಮೂತಿಯನ್ನೇ ಕೊಟ್ಟರು, ಏಕೆಂದರೆ ಎಲ್ಲ ಊರಿನ ನೀರೂ ನೀರೇ. ಪಂಡೋರಾದಲ್ಲೂ ನೀರಿನ ಕಡಲಿದ್ದರೆ ಅಲ್ಲಿ ತಿಮಿಂಗಿಲದ ಆಕಾರದ ಜೀವಿಯನ್ನು ಊಹಿಸುವುದು ತರ್ಕಕ್ಕೆ ದೂರವಲ್ಲ.

## ಬರ್ಕದ ದೂರದ ನೆಂಟ

ತಿಮಿಂಗಿಲದ ಪೂರ್ವಜರು ನೆಲದ ಮೇಲಿದ್ದರು ಎಂದೆ. ಇದರ ಬಲವಾದ ಪುರಾವೆಯೊಂದು ಸಿಕ್ಕಿದ್ದು ಭಾರತದಲ್ಲಿ.

ಜಮ್ಮು-ಕಾಶ್ಮೀರದ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಸಂಗ್ರಹಿಸಿದ್ದರು. ಅವುಗಳಲ್ಲಿ ಸಿಕ್ಕ ಪ್ರಾಣಿಯೊಂದಕ್ಕೆ 1971ರಲ್ಲಿ ಇಂಡೋಹಯಸ್ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ ಉಳಿದ ಕಲ್ಲುಗಳನ್ನು ಅವರ ಪತ್ನಿ ಹಾನ್ಸ್ ಥೆವಿಸೆನ್ ಎಂಬ ವಿಜ್ಞಾನಿಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ತಲೆಬುರುಡೆಯೊಂದರ ಕಿವಿಯ ಮೂಳೆ ಆಕಸ್ಮಿಕವಾಗಿ ಮುರಿಯಿತು. ಮುರಿದ ಜಾಗದಲ್ಲಿ ಕಂಡದ್ದು ಒಂದು ಕಡೆ ಮಾತ್ರ ವಿಚಿತ್ರವಾಗಿ ದಪ್ಪಗಿದ್ದ ಮೂಳೆಯ ಗೋಡೆ. ಅದು ತಿಮಿಂಗಿಲಗಳ ವಂಶದ ಗುರುತು! 2007ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಸುಮಾರು 4.8 ಕೋಟಿ ವರ್ಷಗಳ ಹಿಂದೆ ಬದುಕಿದ್ದ, ಬೆಕ್ಕಿನಷ್ಟು ದೊಡ್ಡದಾದ, ಗೊರಸಿದ್ದ ಸಣ್ಣ ಪ್ರಾಣಿ ತಿಮಿಂಗಿಲಗಳ ಹತ್ತಿರದ ಬಂಧುವಾಗಿತ್ತು.

ಅದು ಹೇಗೆ ಕಾಣುತ್ತಿತ್ತು ಎಂದು ತಿಳಿಯಲು ಮಲೆನಾಡಿಗರು ದೂರ ಹೋಗಬೇಕಿಲ್ಲ. ನಮ್ಮ ಕಾಡಿನ ಬರ್ಕವನ್ನು ನೆನೆದರೆ ಸಾಕು. ಮೊಲಕ್ಕಿಂತ ತುಸು ದೊಡ್ಡದು, ಕಡ್ಡಿಯಂಥ ಕಾಲು, ಮೈಮೇಲೆ ಬಿಳಿ ಚುಕ್ಕೆ ಮತ್ತು ಗೆರೆ, ಕೊಂಬಿಲ್ಲ, ಗಂಡಿಗೆ ಪುಟ್ಟ ಕೋರೆಹಲ್ಲು. ರಾತ್ರಿ ಬಸ್ಸಿನ ಬೆಳಕಿಗೆ ಆಗುಂಬೆಯ ರಸ್ತೆಯಲ್ಲಿ ಒಮ್ಮೆ ಅದನ್ನು ಕಂಡಿದ್ದೇನೆ. ಎರಡು ಕ್ಷಣ ನಿಂತು, ಮುಂಗಾಲನ್ನು ಎತ್ತಿ ಇಡುವುದೋ ಬೇಡವೋ ಎಂದು ಅನುಮಾನಿಸಿ, ಪೊದೆಗೆ ನುಸುಳಿತು. ಬರ್ಕ ತಿಮಿಂಗಿಲದ ಅಜ್ಜಿಯಲ್ಲ, ದೂರದ ದಾಯಾದಿ ಎನ್ನಬಹುದು. ಅದರ ಆಫ್ರಿಕದ ನೆಂಟ ಹದ್ದು ಎರಗಿದಾಗ ಓಡಿಹೋಗಿ ಹೊಳೆಗೆ ಹಾರಿ, ನೀರಿನಡಿಯಲ್ಲಿ ಅಡಗಿ ಕೂರುತ್ತದೆ. ಇಂಡೋಹಯಸ್ ಕೂಡ ಹೀಗೆ ಜೀವ ಉಳಿಸಿಕೊಳ್ಳಲು ನೀರಿಗಿಳಿದಿರಬಹುದು ಎಂಬುದು ಥೆವಿಸೆನ್ ಅವರ ಊಹೆ. ನೀರಿನಲ್ಲಿ ನಡೆದಾಡುವ ನೀರುಕುದುರೆಯ ಹಾಗೆ ಅದರ ಕಾಲಿನ ಮೂಳೆಗಳ ಗೋಡೆಯೂ ದಪ್ಪ ಮತ್ತು ಭಾರವಾಗಿದ್ದವು.

ನಂತರದ ಕಥೆ ಪಾಕಿಸ್ತಾನ, ಈಜಿಪ್ಟ್ ಮುಂತಾದ ಕಡೆಯ ಕಲ್ಲುಗಳಲ್ಲಿದೆ. ಕಾಲಿದ್ದ ಪೂರ್ವಜರು, ಮೊಸಳೆಯ ಹಾಗೆ ನೀರಂಚಿನಲ್ಲಿ ಬದುಕಿದವರು, ಹಿಂಗಾಲು ಕಿರುಬೆರಳಿನಂತೆ ಸಣ್ಣದಾದವರು, ಕೊನೆಗೆ ಪೂರ್ತಿ ಕಡಲಿನವರು. ಇಂದಿನ ತಿಮಿಂಗಿಲದ ಮಾಂಸದೊಳಗೆ ಬೆನ್ನೆಲುಬಿಗೆ ಅಂಟದ ಪುಟ್ಟ ಸೊಂಟದ ಮೂಳೆ ಈಗಲೂ ಉಳಿದಿದೆ. ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ಅತಿ ಹತ್ತಿರದ ಬಂಧು ನೀರುಕುದುರೆ. ಮಾತಿಗೆ ಹೇಳುವುದಾದರೆ ಕಡಲಹಸುವಿನ ನಂಟು ಬೇರೆಯೇ ಕಡೆಗಿದೆ: ಅದಕ್ಕೆ ಹತ್ತಿರದವರು ನಮ್ಮ ಸಕ್ರೆಬೈಲಿನ ಆನೆಗಳು. ನೆಲದ ಪ್ರಾಣಿಗಳು ಕಡಲಿಗೆ ಮರಳಿದ್ದು ಒಮ್ಮೆಯಲ್ಲ, ಹಲವು ಬಾರಿ.

## ಜೋಗದ ಅಳತೆಯಲ್ಲಿ ಆಳ

ಶರಾವತಿ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಆ ಕಣಿವೆಯನ್ನು ಅಂಚಿನವರೆಗೂ ನೀರಿನಿಂದ ತುಂಬಿ, ತಳಕ್ಕೆ ಮುಳುಗಿ ಹೋದಿರಿ ಎಂದುಕೊಳ್ಳಿ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ; ತಳದಲ್ಲಿ ನಮ್ಮ ಮೈಮೇಲೆ ಈಗಿರುವುದಕ್ಕಿಂತ ಸುಮಾರು 26 ಪಟ್ಟು ಒತ್ತಡ ಇರುತ್ತದೆ. ಸ್ಪರ್ಮ್ ತಿಮಿಂಗಿಲ ನಾಲ್ಕು ಜೋಗಗಳನ್ನು ಒಂದರ ಮೇಲೊಂದು ಇಟ್ಟಷ್ಟು ಆಳಕ್ಕೆ ಊಟ ಹುಡುಕಲು ಹೋಗಿ ಬರುತ್ತದೆ. ಕುವಿಯರ್ ಕೊಕ್ಕಿನ ತಿಮಿಂಗಿಲ ಎಂಬ ಪ್ರಭೇದ 2,992 ಮೀಟರ್ ಮುಳುಗಿದ್ದು ದಾಖಲಾಗಿದೆ. ಅಂದರೆ ಹೆಚ್ಚುಕಡಿಮೆ ಹನ್ನೆರಡು ಜೋಗ! ಅದೇ ಪ್ರಭೇದದ ಇನ್ನೊಂದು ಪ್ರಾಣಿ 3 ಗಂಟೆ 42 ನಿಮಿಷ ನೀರಿನಡಿಯಲ್ಲೇ ಇತ್ತು.

ಒಂದೇ ಉಸಿರಿನಲ್ಲಿ ಇದು ಹೇಗೆ ಸಾಧ್ಯ? ನಾವು ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಮುಳುಗುತ್ತೇವೆ. ತಿಮಿಂಗಿಲ ಆಮ್ಲಜನಕವನ್ನು ರಕ್ತದಲ್ಲೂ ಸ್ನಾಯುವಿನಲ್ಲೂ ಕೂಡಿಟ್ಟುಕೊಂಡು ಮುಳುಗುತ್ತದೆ. ಪೇಟೆಗೆ ಹೋಗುವವರು ಹಣವನ್ನೆಲ್ಲ ಒಂದೇ ಜೇಬಿನಲ್ಲಿಡದೆ ಬೇರೆ ಬೇರೆ ಕಡೆ ಇಟ್ಟುಕೊಂಡ ಹಾಗೆ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಅದರಲ್ಲಿ ಎಷ್ಟಿದೆಯೆಂದರೆ ಮಾಂಸವೇ ಕಪ್ಪಗಿರುತ್ತದೆ. ಆಳಕ್ಕೆ ಹೋದಂತೆ ಶ್ವಾಸಕೋಶ ಮಡಚಿಕೊಳ್ಳುತ್ತದೆ, ಪಕ್ಕೆಲುಬುಗಳು ಮುರಿಯದೆ ಬಾಗುತ್ತವೆ. ಹೃದಯ ನಿಧಾನವಾಗುತ್ತದೆ. 2019ರಲ್ಲಿ ಪ್ರಕಟವಾದ ಅಳತೆಯಲ್ಲಿ, ಮುಳುಗಿದ್ದ ನೀಲಿ ತಿಮಿಂಗಿಲದ ಹೃದಯ ನಿಮಿಷಕ್ಕೆ ಎರಡೇ ಬಾರಿ ಬಡಿದದ್ದೂ ಉಂಟು. ಸಿನಿಮಾದಲ್ಲಿ ಮೆಟ್‌ಕಯಿನಾ ಹುಡುಗಿ ಕಾಡಿನಿಂದ ಬಂದ ಮಕ್ಕಳಿಗೆ ಎದೆಬಡಿತ ನಿಧಾನಗೊಳಿಸಿ ಉಸಿರು ಹಿಡಿಯಲು ಕಲಿಸುವ ದೃಶ್ಯವಿದೆ. ತಿಮಿಂಗಿಲಕ್ಕೆ ಅದು ಹುಟ್ಟಿನಿಂದ ಬಂದ ವಿದ್ಯೆ.

## ಹಾಡಿಗೂ ಒಂದು ತಿಟ್ಟು

ಕತ್ತಲೆಯ ಆಳದಲ್ಲಿ ಕಣ್ಣಿಗೆ ಕೆಲಸವಿಲ್ಲ. ಅಲ್ಲಿ ಎಲ್ಲವೂ ಕಿವಿ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಶಬ್ದ ನೀರಿನಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ, ಬಹು ದೂರದವರೆಗೂ ಕೇಳಿಸುತ್ತದೆ. ಸಂಜೆ ತೋಟದಲ್ಲಿ ಹುಳ ಹಿಡಿಯುವ ಬಾವಲಿಯಂತೆ ಹಲ್ಲಿರುವ ತಿಮಿಂಗಿಲಗಳೂ ಡಾಲ್ಫಿನ್‌ಗಳೂ ಶಬ್ದ ಎಸೆದು, ಮರಳಿ ಬಂದ ಪ್ರತಿಧ್ವನಿಯಿಂದ ಬೇಟೆಯನ್ನು 'ನೋಡುತ್ತವೆ'.

ಹಂಪ್‌ಬ್ಯಾಕ್ ಎಂಬ ಗೂನು ಬೆನ್ನಿನ ತಿಮಿಂಗಿಲದ ಗಂಡುಗಳು ಹಾಡುತ್ತವೆ. ಅದು ಬರೀ ಕೂಗಲ್ಲ, ಸಾಲು ಸಾಲಾಗಿ ಮರಳಿ ಬರುವ ರಚನೆ ಎಂದು ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ತೋರಿಸಿದರು. ಒಂದು ಕಡಲಿನ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡು ಹಾಡುತ್ತವೆ, ಆ ಹಾಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಹುಟ್ಟಿದ ಹೊಸ ಹಾಡು ಗುಂಪಿನಿಂದ ಗುಂಪಿಗೆ ದಾಟುತ್ತಾ ಪೆಸಿಫಿಕ್‌ನ ದ್ವೀಪಗಳ ಕಡೆಗೆ, ಪೂರ್ವಕ್ಕೆ ಹರಡುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಒಂದು ಮೇಳದಲ್ಲಿ ಗೆದ್ದ ಹೊಸ ಪದ್ಯದ ಮಟ್ಟು ಮುಂದಿನ ತಿರುಗಾಟದಲ್ಲಿ ಇನ್ನೊಂದು ಮೇಳದ ಭಾಗವತರ ಬಾಯಲ್ಲಿ ಕೇಳಿಸುವುದಿಲ್ಲವೇ, ಹಾಗೆ.

ಸ್ಪರ್ಮ್ ತಿಮಿಂಗಿಲಗಳದ್ದು ಹಾಡಲ್ಲ, ತಾಳ. ಅವು ಟಕ್ ಟಕ್ ಎಂಬ ಸದ್ದುಗಳನ್ನು ನಿಶ್ಚಿತ ಲಯದಲ್ಲಿ ಹೊರಡಿಸುತ್ತವೆ. ಒಂದು ಕುಲದವು ಸಮ ಅಂತರದಲ್ಲಿ ಬಡಿದರೆ, ಇನ್ನೊಂದು ಕುಲದವು ಕೊನೆಯ ಬಡಿತಕ್ಕೆ ಮೊದಲು ತುಸು ತಡೆಯುತ್ತವೆ. ಒಂದೇ ಕಡಲಿನಲ್ಲಿ ಅಕ್ಕಪಕ್ಕ ಇದ್ದರೂ ಅವುಗಳ ಒಡನಾಟ ತಮ್ಮ ಲಯದವರೊಂದಿಗೇ. ಚಂಡೆಯ ಪೆಟ್ಟು ಕೇಳಿ ಇದು ಬಡಗುತಿಟ್ಟು, ಇದು ತೆಂಕುತಿಟ್ಟು ಎಂದು ಹೇಳಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮರಿಗಳು ಈ ಲಯವನ್ನು ಹಿರಿಯರಿಂದ ಕಲಿಯುತ್ತವೆ. ಸಿನಿಮಾದಲ್ಲಿ ಬೇಟೆಗೆ ಬಲಿಯಾಗುವ ತಾಯಿ ಟುಲ್ಕುನ್ ತನ್ನ ಸಮುದಾಯ ಗೌರವಿಸುತ್ತಿದ್ದ ಹಾಡು ಕಟ್ಟುವವಳು. ಆ ಕಲ್ಪನೆಯ ಬೇರು ಇಲ್ಲಿದೆ.

## ಬುದ್ಧಿಯ ಲೆಕ್ಕ

ಟುಲ್ಕುನ್ ಮನುಷ್ಯರಿಗಿಂತ ಬುದ್ಧಿವಂತ ಪ್ರಾಣಿ ಎಂದು ಸಿನಿಮಾದ ವಿಜ್ಞಾನಿ ಪಾತ್ರವೇ ಹೇಳುತ್ತದೆ. ನಿಜಲೋಕದಲ್ಲಿ ಅತಿ ದೊಡ್ಡ ಮಿದುಳು ಸ್ಪರ್ಮ್ ತಿಮಿಂಗಿಲದ್ದು, ಸುಮಾರು 7.8 ಕಿಲೋ; ನಮ್ಮದು 1.4 ಕಿಲೋಗೆ ಹತ್ತಿರ. ಆದರೆ ತೂಕ ನೋಡಿ ಬುದ್ಧಿ ಅಳೆಯಲು ಬರುವುದಿಲ್ಲ, ದೊಡ್ಡ ಮೈ ನಡೆಸಲು ದೊಡ್ಡ ಮಿದುಳು ಬೇಕಾಗುತ್ತದೆ. 2018ರಲ್ಲಿ ಅಮೆರಿಕ-ಕೆನಡಾ ಗಡಿಯ ಕಡಲಿನಲ್ಲಿ ಓರ್ಕಾ (ಕಿಲ್ಲರ್ ತಿಮಿಂಗಿಲ) ತಾಯಿಯೊಂದು ಸತ್ತ ತನ್ನ ಮರಿಯನ್ನು 17 ದಿನ ತಲೆಯ ಮೇಲೆ ಹೊತ್ತು ಈಜಿತು. ಅದರ ಮನಸ್ಸಿನಲ್ಲಿ ಏನಿತ್ತು ಎಂದು ನಾವು ಹೇಳಲಾರೆವು. ಆದರೆ ಮರಿ ಜಾರಿ ಬಿದ್ದಾಗಲೆಲ್ಲ ಅದು ಮುಳುಗಿ ಮತ್ತೆ ಎತ್ತಿಕೊಂಡಿತು.

## ಅಮೃತ ಎಂಬ ಹಳದಿ ದ್ರವ

ಸಿನಿಮಾದ ಅತಿ ಕಠೋರ ಭಾಗ ಬೇಟೆಯದು. ಮನುಷ್ಯರ ಹಡಗು ಮರಿಯಿರುವ ತಾಯಿಯನ್ನು ಬೆನ್ನಟ್ಟುತ್ತದೆ. ಈಟಿಗೆ ಕಟ್ಟಿದ ಗಾಳಿಚೀಲಗಳಿಂದ ಅದು ಮುಳುಗದಂತೆ ಮಾಡಿ, ಸ್ಫೋಟಕ ಈಟಿಯಿಂದ ಕೊಲ್ಲುತ್ತಾರೆ. ತಲೆಯೊಳಗೆ ಕೊರೆದು ಒಂದು ಸಣ್ಣ ಸೀಸೆಯಷ್ಟು ಹಳದಿ ದ್ರವ ತೆಗೆಯುತ್ತಾರೆ. ಉಳಿದ ಪರ್ವತದಂಥ ದೇಹ ಕಡಲಿನ ಪಾಲು. ಮನುಷ್ಯನ ಮುಪ್ಪನ್ನು ತಡೆಯುವ ಆ ದ್ರವಕ್ಕೆ ಅವರಿಟ್ಟ ಹೆಸರು ನಮ್ಮದೇ ಪದ: ಅಮೃತ.

ಇದರಲ್ಲಿ ಕಲ್ಪನೆ ಬಹಳ ಕಡಿಮೆ. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ಸ್ಪರ್ಮಾಸೆಟಿ ಎಂಬ ಮೇಣದಂಥ ಎಣ್ಣೆ ಇರುತ್ತದೆ, ದೊಡ್ಡ ಗಂಡಿನಲ್ಲಿ ಸುಮಾರು 1,900 ಲೀಟರ್‌ವರೆಗೆ. ಶಬ್ದವನ್ನು ಒಂದೆಡೆ ಕೇಂದ್ರೀಕರಿಸಲು ಪ್ರಾಣಿಗೆ ಅದು ಬೇಕು. ಬೇಟೆಗಾರರು ತಲೆ ತೆರೆದು ಅದನ್ನು ಬಕೆಟ್ಟುಗಳಲ್ಲಿ ಮೊಗೆಯುತ್ತಿದ್ದರು. ನಮ್ಮ ಹಿರಿಯರ ಮನೆಗಳಲ್ಲಿ ಹೊನ್ನೆಣ್ಣೆಯ ದೀಪ ಉರಿಯುತ್ತಿದ್ದ ಕಾಲದಲ್ಲಿ ಯುರೋಪ್ ಮತ್ತು ಅಮೆರಿಕದ ಉಳ್ಳವರ ಮನೆಗಳಲ್ಲಿ ಉರಿಯುತ್ತಿದ್ದುದು ಈ ಮೇಣದ ಬತ್ತಿ. ಅದರ ಬೆಳಕು ಎಷ್ಟು ಸ್ಥಿರವೆಂದರೆ 1860ರಲ್ಲಿ ಬ್ರಿಟನ್ ಬೆಳಕನ್ನು ಅಳೆಯುವ ಕಾನೂನುಬದ್ಧ ಮಾನವಾಗಿ ಸ್ಪರ್ಮಾಸೆಟಿ ಬತ್ತಿಯನ್ನೇ ಆರಿಸಿತು. ನಾರ್ವೆಯ ಸ್ವೆಂಡ್ ಫಾಯ್ನ್ 1870ರಲ್ಲಿ ಸ್ಫೋಟಕ ಈಟಿಗೆ ಪೇಟೆಂಟ್ ಪಡೆದ ಮೇಲೆ ಬೇಟೆ ಯಂತ್ರದ ವೇಗ ಪಡೆಯಿತು. ಸತ್ತು ಮುಳುಗುವ ತಿಮಿಂಗಿಲಗಳಿಗೆ ಗಾಳಿ ತುಂಬಿ ತೇಲಿಸುವುದೂ ಆಗಿನ ರೂಢಿಯೇ. ಇಪ್ಪತ್ತನೆಯ ಶತಮಾನವೊಂದರಲ್ಲೇ ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಲ್ಲಲಾಯಿತು. ಶಿವಮೊಗ್ಗ ನಗರದ ಜನಸಂಖ್ಯೆಯ ಹಲವು ಪಟ್ಟು. ವಾಣಿಜ್ಯ ಬೇಟೆಗೆ ಅಂತರರಾಷ್ಟ್ರೀಯ ತಡೆ ಜಾರಿಗೆ ಬಂದದ್ದು 1986ರಲ್ಲಿ.

ಕನ್ನಡ ಪತ್ರಿಕೆಗಳು 'ತಿಮಿಂಗಿಲದ ವಾಂತಿ' ಎಂದು ಬರೆಯುವ ಅಂಬರ್‌ಗ್ರೀಸ್ ಕೂಡ ಸ್ಪರ್ಮ್ ತಿಮಿಂಗಿಲದ್ದೇ. ಅದು ತಿಂದ ಸ್ಕ್ವಿಡ್‌ಗಳ ಗಟ್ಟಿ ಕೊಕ್ಕುಗಳ ಸುತ್ತ ಕರುಳಿನಲ್ಲಿ ಕಟ್ಟಿಕೊಳ್ಳುವ ಗಡ್ಡೆ ಅದು. ಸುಗಂಧದ್ರವ್ಯಕ್ಕೆ ಬಳಕೆಯಾಗುವುದರಿಂದ ಅದಕ್ಕೆ ಚಿನ್ನದ ಬೆಲೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದಲ್ಲಿ ಅದರ ವ್ಯಾಪಾರ ಅಪರಾಧ, ಆದ್ದರಿಂದಲೇ ಅದನ್ನು ಮಾರಲು ಹೋದವರ ಬಂಧನದ ಸುದ್ದಿ.

ಮುಪ್ಪಿನ ಮಾತೂ ಪೂರ್ತಿ ಸುಳ್ಳಲ್ಲ. ಆರ್ಕ್ಟಿಕ್ ಕಡಲಿನ ಬೋಹೆಡ್ ತಿಮಿಂಗಿಲ ಇನ್ನೂರು ವರ್ಷ ದಾಟಿ ಬದುಕಬಲ್ಲದು. 2007ರಲ್ಲಿ ಅಲಾಸ್ಕದಲ್ಲಿ ಹಿಡಿದ ಒಂದು ಪ್ರಾಣಿಯ ಮೈಯೊಳಗೆ ಹತ್ತೊಂಬತ್ತನೆಯ ಶತಮಾನದ ಈಟಿಯ ಚೂರು ಸಿಕ್ಕಿತು. ಅದು ಆ ಗಾಯವನ್ನು ಹೊತ್ತು ನೂರಕ್ಕೂ ಹೆಚ್ಚು ವರ್ಷ ಈಜಿತ್ತು. ಹಾಳಾದ ವಂಶವಾಹಿಯನ್ನು ಅಚ್ಚುಕಟ್ಟಾಗಿ ದುರಸ್ತಿ ಮಾಡಿಕೊಳ್ಳುವ ಅದರ ಜೀವಕೋಶಗಳ ಗುಟ್ಟನ್ನು ವಿಜ್ಞಾನಿಗಳು ಈಗ ಓದುತ್ತಿದ್ದಾರೆ. ಅದಕ್ಕೆ ಈಟಿ ಬೇಕಿಲ್ಲ, ಚರ್ಮದ ಸಣ್ಣ ಚೂರು ಸಾಕು. ತಲೆಯಿಂದ ಬಸಿದು ಕುಡಿಯುವ ಅಮೃತ ಯಾವ ಪ್ರಾಣಿಯಲ್ಲೂ ಇಲ್ಲ.

## ನಮ್ಮ ಮುಂಗಾರು, ಅವುಗಳ ಊಟ

ಸಿನಿಮಾದ ಹುಡುಗ ಪಯಾಕನ್‌ನ ಬಾಯೊಳಗೆ ಹೋಗಿ ನರ ಜೋಡಿಸಿಕೊಂಡು ಅದರ ನೆನಪು ಕಾಣುವುದು, ಕೊಲ್ಲಬಾರದೆಂಬ ಪ್ರತಿಜ್ಞೆ, ಸಾಮಾಜಿಕ ಬಹಿಷ್ಕಾರ ಇವೆಲ್ಲ ಕಥೆಗಾರರ ಸೃಷ್ಟಿ. ನಿಜವಾದ ತಿಮಿಂಗಿಲಗಳು ಮೀನು, ಸ್ಕ್ವಿಡ್, ಸಣ್ಣ ಸೀಗಡಿಗಳನ್ನು ತಿಂದೇ ಬದುಕುತ್ತವೆ. 1820ರಲ್ಲಿ ಎಸೆಕ್ಸ್ ಎಂಬ ಬೇಟೆ ಹಡಗನ್ನು ಒಂದು ಸ್ಪರ್ಮ್ ತಿಮಿಂಗಿಲ ಗುದ್ದಿ ಮುಳುಗಿಸಿದ್ದೂ ಇದೆ.

ಆದರೆ ಹಾಡುವ ತಿಮಿಂಗಿಲವನ್ನು ಹುಡುಕಿ ಆಲ್ಫಾ ಸೆಂಟಾರಿಗೆ ಹೋಗಬೇಕಿಲ್ಲ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತರೆ ಎದುರಿಗಿರುವ ಅರಬ್ಬೀ ಸಮುದ್ರದಲ್ಲೇ ಅವಿವೆ. ಬೇರೆ ಕಡಲಿನ ಹಂಪ್‌ಬ್ಯಾಕ್‌ಗಳು ಉಣ್ಣಲು ತಣ್ಣನೆಯ ಧ್ರುವದ ಕಡೆಗೆ, ಹೆರಲು ಬೆಚ್ಚನೆಯ ಕಡಲಿಗೆ ಸಾವಿರಾರು ಕಿಲೋಮೀಟರ್ ವಲಸೆ ಹೋಗುತ್ತವೆ. ಅರಬ್ಬೀ ಸಮುದ್ರದವು ಮಾತ್ರ ಇಲ್ಲೇ ಉಳಿಯುತ್ತವೆ. ಕಾರಣ ನಮ್ಮ ಮುಂಗಾರು. ಜೂನ್‌ನಲ್ಲಿ ಆಗುಂಬೆಯ ಮೇಲೆ ಮಳೆ ಸುರಿಸುವ ಅದೇ ನೈಋತ್ಯ ಗಾಳಿ ಒಮಾನ್ ಕರಾವಳಿಯಲ್ಲಿ ಮೇಲಿನ ನೀರನ್ನು ಸರಿಸಿ, ಆಳದ ತಣ್ಣನೆಯ, ಸತ್ವಭರಿತ ನೀರನ್ನು ಮೇಲೆತ್ತುತ್ತದೆ. ಅಲ್ಲಿ ಮೀನಿನ ಮರಿಗಳು, ಸಣ್ಣ ಜೀವಿಗಳು ಸಮೃದ್ಧವಾಗುತ್ತವೆ. ನಮ್ಮ ಗದ್ದೆಗೆ ನೀರು ತರುವ ಗಾಳಿ ಅವುಗಳಿಗೆ ಊಟ ತರುತ್ತದೆ. ಸುಮಾರು 70,000 ವರ್ಷಗಳಿಂದ ಈ ಗುಂಪು ಉಳಿದ ಬಳಗದಿಂದ ಬೇರೆಯಾಗಿದೆ ಎಂದು ವಂಶವಾಹಿ ಅಧ್ಯಯನ ಹೇಳುತ್ತದೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಇವುಗಳಲ್ಲಿ 240ರಷ್ಟನ್ನು ಅಕ್ರಮವಾಗಿ ಕೊಂದವು. ಒಮಾನ್ ಕರಾವಳಿಯಲ್ಲಿ ಈಗ ಉಳಿದಿರುವುದು ನೂರಕ್ಕಿಂತ ಕಡಿಮೆ ಎಂಬುದು ಅಂದಾಜು.

2017ರ ಕೊನೆಯಲ್ಲಿ ಸಂಶೋಧಕರು ಒಮಾನ್ ಬಳಿ ಒಂದು ಹೆಣ್ಣಿಗೆ ಉಪಗ್ರಹ ಸಾಧನ ಅಂಟಿಸಿದರು. ಅದರ ಹೆಸರು ಲುಬಾನ್. ನಮ್ಮ ಲೋಬಾನದ ಮೂಲವೂ ಅದೇ ಅರಬ್ಬೀ ಪದ. ಅದು ಇಡೀ ಅರಬ್ಬೀ ಸಮುದ್ರ ದಾಟಿ, ಭಾರತದ ಪಶ್ಚಿಮ ಕರಾವಳಿಗುಂಟ ದಕ್ಷಿಣದ ತುದಿಯವರೆಗೆ ಈಜಿತು. ಗೋವಾದ ಕಡಲಿನಲ್ಲಿ ಈ ತಿಮಿಂಗಿಲಗಳ ಹಾಡು ದಾಖಲಾಗಿದೆ.

ಇದನ್ನು ಕೇಳಿದ ಮಾರನೆಯ ಬೆಳಿಗ್ಗೆ ಅಣ್ಣನ ಮಗಳು ಹಾರ್ನ್ ಕೇಳಿಸುವ ಮೊದಲೇ ಗೇಟಿನಲ್ಲಿ ನಿಂತಿದ್ದಳು, ಬೆಕ್ಕಿನ ಪಕ್ಕದಲ್ಲಿ. "ಮಾಮ, ನೀವು ತಿಮಿಂಗಿಲ ನೋಡಿದ್ದೀರಾ?" ಮೀನಿನವರು ತಕ್ಕಡಿ ಹಿಡಿದವರು ಹಾಗೆಯೇ ನಿಂತರು. "ನಾನು ಬಂದರು ದಾಟಿ ಹೋದವನಲ್ಲ ಮಗಳೇ. ನಮ್ಮ ಭಾವ ಬೋಟಿನಲ್ಲಿ ಹೋಗುತ್ತಾನೆ. ರಾತ್ರಿ ಎಂಜಿನ್ ನಿಲ್ಲಿಸಿ ಬಲೆ ಕಾಯುವಾಗ ಒಮ್ಮೆ ಪಕ್ಕದಲ್ಲೇ ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಹಾಗಾಯಿತಂತೆ. ಟಾರ್ಚ್ ಹಾಕಿದರೆ ಏನೂ ಇಲ್ಲ, ನೀರು ಮಾತ್ರ ಗುಂಡಗೆ, ನುಣ್ಣಗೆ ಇತ್ತಂತೆ."

ಅವಳು ಬಂಗುಡೆಯ ತಟ್ಟೆ ಹಿಡಿದುಕೊಂಡು ಅಂಗಳದಲ್ಲೇ ನಿಂತು, ಬಾಯಿ ಮುಚ್ಚಿ, ಮೂಗಿನಿಂದ ಒಮ್ಮೆ ಜೋರಾಗಿ ಉಸಿರು ಬಿಟ್ಟು ನೋಡಿದಳು.